ಸಂಜೆ ಬಸ್ಸಿಗೆ ಓಡುವ ಫಸ್ಟ್ ಇಯರ್ ಮಕ್ಕಳಿಗೆ

(ದೃಶ್ಯ: ಶಿರಸಿ ಬಸ್ ಸ್ಟ್ಯಾಂಡ್. ಮಳೆ. ಕೊಡೆ ಮಡಚುತ್ತಾ ಬಸ್ ಹತ್ತುತ್ತಿರುವ ವಿದ್ಯಾರ್ಥಿಗಳು.)

ನಮಸ್ಕಾರ. ಈ ವಿಡಿಯೋ ನಮ್ಮ ಉತ್ತರ ಕನ್ನಡದ ಬಸ್ ಮಕ್ಕಳಿಗೆ. ಡಿಗ್ರಿಗೆ ಸೇರಿ, ಹಳ್ಳಿಯಿಂದ ದಿನಾ ಶಿರಸಿಗೋ ಕುಮಟೆಗೋ ಕಾರವಾರಕ್ಕೋ ಓಡಾಡುವವರಿಗೆ. ನಾನೂ ಮೂರು ವರ್ಷ ಹಾಗೇ ಓದಿದವಳು.

ಮೊದಲ ಎರಡು ತಿಂಗಳು ನನಗೆ ಕ್ಲಾಸಲ್ಲಿ ಒಬ್ಬರೂ ಹತ್ತಿರ ಆಗಲಿಲ್ಲ. ನನಗೇ ಏನೋ ಕೊರತೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯ್ತು. ಊರಲ್ಲೇ ಇರುವವರು, ಹಾಸ್ಟೆಲಿನವರು ಸ್ನೇಹಿತರಾಗುವುದು ಕೊನೆಯ ಪೀರಿಯಡ್ ಮುಗಿದ ಮೇಲೆ. ಚಹಾ ಕುಡಿಯುತ್ತಾ, ರೆಕಾರ್ಡ್ ಬರೆಯುತ್ತಾ. ಆ ಹೊತ್ತಿಗೆ ನಾನು ಬಸ್ಸಿಗೆ ಓಡುತ್ತಿದ್ದೆ.

ಸಂಜೆ ಸಿಗದಿದ್ದರೆ ಬೆಳಿಗ್ಗೆ ಹಿಡಿಯಿರಿ. ಎಷ್ಟೋ ಬಸ್ಸು ಕಾಲೇಜು ಶುರುವಾಗುವ ಮುಂಚೆಯೇ ನಮ್ಮನ್ನು ತಂದು ಇಳಿಸಿಬಿಡುತ್ತವೆ. ಹುಲೇಕಲ್, ಬನವಾಸಿ, ಸಿದ್ದಾಪುರ ಕಡೆಯಿಂದ ಬರುವ ಇನ್ನಷ್ಟು ಮಕ್ಕಳು ಅದೇ ಹೊತ್ತಿಗೆ ಖಾಲಿ ಕ್ಲಾಸಲ್ಲಿ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಅವರ ಪಕ್ಕ ಹೋಗಿ ಕೂತು, 'ನಿಮ್ಮದು ಯಾವ ಬಸ್ಸು?' ಅಂತ ಕೇಳಿ. ನನ್ನ ಮೊದಲ ಗೆಳತಿ ಸಿಕ್ಕಿದ್ದು ಹಾಗೇ.

(ದೃಶ್ಯ: ಘಟ್ಟದ ರಸ್ತೆ, ಮಂಜು.)

ಈಗ ಮಳೆಗಾಲದ ಮಾತು. ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ನಮ್ಮ ಜಿಲ್ಲೆಯಲ್ಲಿ ರಸ್ತೆ ಯಾವಾಗ ಬಂದ್ ಆಗುತ್ತದೆ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಿದ್ದು ಯಾರೂ ಮರೆತಿಲ್ಲ. ಜಿಲ್ಲಾಧಿಕಾರಿ ರಜೆ ಕೊಟ್ಟರೆ ಆದೇಶವನ್ನು ಪೂರ್ತಿ ಓದಿ. ಎಷ್ಟೋ ಸಲ ರಜೆ ಪಿಯುವರೆಗೆ ಮಾತ್ರ ಇರುತ್ತದೆ, ಡಿಗ್ರಿ ಕಾಲೇಜು ನಡೆಯುತ್ತದೆ.

ನನ್ನ ಒಂದು ಇಂಟರ್ನಲ್ ಟೆಸ್ಟ್ ಹೀಗೇ ತಪ್ಪಿತು. ಘಟ್ಟದಲ್ಲಿ ಮರ ಬಿದ್ದಿತ್ತು. ಮರುದಿನ ಸರ್ ಹತ್ತಿರ ಹೇಳೋಕೆ ಹೆದರಿ ಸುಮ್ನೆ ಕೂತೆ. ಹೇಳಿದ್ದರೆ ಮತ್ತೆ ಬರೆಸುತ್ತಿದ್ದರಂತೆ. ಅದು ತಿಳಿದಾಗ ಸೆಮಿಸ್ಟರ್ ಮುಗಿದಿತ್ತು. ಅದಕ್ಕೇ ಹೇಳುತ್ತೇನೆ, ಮೊದಲ ವಾರವೇ ನಿಮ್ಮ ಮೆಂಟರ್‌ಗೆ, ಅಂದರೆ ನಿಮ್ಮನ್ನು ನೋಡಿಕೊಳ್ಳುವ ಅಧ್ಯಾಪಕರಿಗೆ, ನಿಮ್ಮ ಊರು, ಬಸ್ಸಿನ ಟೈಮು ಹೇಳಿಬಿಡಿ. ಪ್ರಾಕ್ಟಿಕಲ್ ಮಧ್ಯಾಹ್ನದ ಮೇಲಿದ್ದರೆ ಬ್ಯಾಚ್ ಬದಲಿಸಲು ಆಗುತ್ತದಾ ಕೇಳಿ. ಸಾಮಾನ್ಯವಾಗಿ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು. ಮಳೆಗಾಲದಲ್ಲಿ ತಪ್ಪಿದ ದಿನಗಳನ್ನು ನೀವೇ ಒಂದು ಪುಸ್ತಕದಲ್ಲಿ ಬರೆದಿಡಿ.

ಬಸ್ ಪಾಸಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹುಡುಗಿಯರಿಗೆ ಶಕ್ತಿ ಯೋಜನೆ ಇದೆ, ಗುರುತಿನ ಚೀಟಿ ಬ್ಯಾಗಿನಲ್ಲೇ ಇರಲಿ. ಹುಡುಗರು ವಿದ್ಯಾರ್ಥಿ ಪಾಸಿಗೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ.

ಇನ್ನೊಂದು ವಿಷಯ, ನಾವಾಡುವ ಮಾತು. ನಮ್ಮಲ್ಲಿ ಒಬ್ಬರ ಮನೆಯಲ್ಲಿ ಕೊಂಕಣಿ, ಒಬ್ಬರದು ಹವ್ಯಕ ಕನ್ನಡ, ಇನ್ನೊಬ್ಬರದು ಹಾಲಕ್ಕಿ ಕನ್ನಡ. ಕ್ಲಾಸಲ್ಲಿ ನೋಡಿದರೆ ಇಂಗ್ಲಿಷ್. ಯಾರಾದರೂ ನಿಮ್ಮ ಮಾತು ಕೇಳಿ ನಕ್ಕರೆ ನೋವಾಗುತ್ತದೆ, ನನಗೂ ಆಗಿತ್ತು. ಆದರೂ ಡೌಟ್ ಕೇಳುವುದನ್ನು ಬಿಡಬೇಡಿ. ಕನ್ನಡದಲ್ಲೇ ಕೇಳಿ.

ನಗು ದಾಟಿ ಕಾಟ ಕೊಟ್ಟರೆ ಅದು ರ‍್ಯಾಗಿಂಗ್. 1800-180-5522ಕ್ಕೆ ಯಾವ ಹೊತ್ತಲ್ಲೂ ಫೋನ್ ಮಾಡಬಹುದು. ಮನಸ್ಸಿಗೆ ತುಂಬಾ ಭಾರ ಅನ್ನಿಸಿದರೆ ಟೆಲಿ ಮಾನಸ್, 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ.

(ದೃಶ್ಯ: ಕತ್ತಲಾದ ಮೇಲೆ ಹಳ್ಳಿಯ ತಿರುವಿನಲ್ಲಿ ನಿಂತ ಬಸ್ಸು.)

ಅಪ್ಪ ಅಮ್ಮಂದಿರು ನೋಡುತ್ತಿದ್ದರೆ ಒಂದು ಕೋರಿಕೆ. ವಾರಕ್ಕೆ ಒಂದು ದಿನ ಮಕ್ಕಳು ಕೊನೆಯ ಬಸ್ಸಿಗೆ ಬರಲಿ, ಬಿಡಿ. ಆ ದಿನ ಒಂದು ಟಾರ್ಚ್ ಹಿಡಿದು ಸ್ಟಾಪಿಗೆ ಬನ್ನಿ.