ಆಷಾಢದ ಬಿಸಿನೀರು

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಮನೆ ಕಟ್ಟಿಸುವವರು ಪಾಯ ಹಾಕುವ ಮೊದಲೇ ವಾಸ್ತು ಕೇಳುತ್ತಾರೆ. ಬಿಸಿನೀರು ಮಾತ್ರ ಟೈಲ್ಸ್ ಕೂರಿಸಿದ ಮೇಲೆ ನೆನಪಾಗುತ್ತದೆ. ನಾನೂ ಹಾಗೇ ಮಾಡಿ ಪೆಟ್ಟು ತಿಂದವನು.

ಚಳಿ ದೇಶಗಳಲ್ಲಿ ಒಂದೇ ಬಾಯ್ಲರ್ ಇಡೀ ಮನೆಯನ್ನು ಬೆಚ್ಚಗಿಡುತ್ತದೆ. ಕಾದ ನೀರು ಪೈಪಿನಲ್ಲಿ ಕೋಣೆ ಕೋಣೆ ಸುತ್ತಿ, ರೇಡಿಯೇಟರ್‌ಗಳಲ್ಲಿ ಬಿಸಿ ಬಿಟ್ಟು ವಾಪಸ್ ಬರುತ್ತದೆ. ನಮಗೆ ಅಷ್ಟೆಲ್ಲ ಬೇಡ, ಡಿಸೆಂಬರ್ ಥಂಡಿಗೆ ಒಂದು ಕಂಬಳಿ ಸಾಕು. ಬೇಕಾದ್ದು ಬಚ್ಚಲಿಗೆ ನೀರು. ಆದರೆ ಪ್ರಶ್ನೆ ಅದೇ: ಒಂದು ಕಡೆ ಕಾಯಿಸಿ ಮನೆಗೆಲ್ಲ ಹಂಚಬೇಕೋ, ಬಚ್ಚಲಿಗೊಂದು ಇಡಬೇಕೋ?

ನಮ್ಮಜ್ಜಿ ಹಂಚುವ ಪಕ್ಷ. ಹತ್ತಿಕಟ್ಟಿಗೆ, ಕುಳ್ಳು ಹಾಕಿ ಒಂದು ಹಂಡೆ ಕಾಯಿಸಿ ಎಂಟು ಜನಕ್ಕೆ ಬಕೆಟ್ಟಿನಲ್ಲಿ ಹಂಚುತ್ತಿದ್ದಳು.

ಈಗಿನ ಹಂಡೆ ಎಂದರೆ ಮಾಳಿಗೆ ಮೇಲಿನ ಸೋಲಾರ್. ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದರೆ ಬಿಸಿಲಿನ ತಿಂಗಳುಗಳಲ್ಲಿ ನೀರು ಪುಕ್ಕಟೆ. ತಕರಾರು ಎರಡು. ಒಂದು ಪೈಪು. ಮಾಳಿಗೆಯಿಂದ ನಳದವರೆಗೆ 20 ಮೀಟರ್ ಅರ್ಧ ಇಂಚಿನ ಪೈಪಿದ್ದರೆ ಅದರೊಳಗೆ ಸುಮಾರು ಮೂರೂವರೆ ಲೀಟರ್ ತಣ್ಣೀರು ನಿಂತಿರುತ್ತದೆ. ಅದು ಹೋದ ಮೇಲೆಯೇ ಬಿಸಿ. ಒಬ್ಬರು ಆರಕ್ಕೆ, ಇನ್ನೊಬ್ಬರು ಎಂಟಕ್ಕೆ ಮಿಂದರೆ ಪ್ರತಿ ಸಲವೂ ಅಷ್ಟು ಮೋರಿಗೆ, ಅಲ್ವಾ?

ಇನ್ನೊಂದು, ನಮ್ಮ ಜಿಟಿಜಿಟಿ ಮಳೆ. ಆಷಾಢ, ಶ್ರಾವಣದಲ್ಲಿ ವಾರಗಟ್ಟಲೆ ಸೂರ್ಯ ಕಾಣಿಸದ ಊರು ಇದು. ಅದಕ್ಕೆ ಸೋಲಾರ್ ಟ್ಯಾಂಕಿನೊಳಗೇ ಒಂದು ಕರೆಂಟಿನ ಕಾಯಿಲ್ ಹಾಕಿಸಿ ಅಂದರು, ಹಾಕಿಸಿದೆ. ಲೆಕ್ಕ ನೋಡಿ: 200 ಲೀಟರ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು ನಾಲ್ಕೂವರೆ ಯೂನಿಟ್ ಕರೆಂಟು ಬೇಕು. ಒಬ್ಬರು ಮಿಂದರೂ ಅಷ್ಟೇ, ಐದು ಜನ ಮಿಂದರೂ ಅಷ್ಟೇ. ಆ ಜುಲೈ ಬಿಲ್ಲು ನೋಡಿ ನಮ್ಮ ಮನೆಯವರು ಎರಡು ದಿನ ಮಾತಾಡಲಿಲ್ಲ.

ಬಚ್ಚಲಲ್ಲೇ ಇರುವ 15 ಲೀಟರ್ ಗೀಸರ್ ಆದರೆ 60 ಡಿಗ್ರಿಗೆ ಕಾಯಲು ಸುಮಾರು 0.6 ಯೂನಿಟ್ ಸಾಕು. ತಣ್ಣೀರು ಬೆರೆಸಿದರೆ 45 ಡಿಗ್ರಿಯ ನೀರು 26 ಲೀಟರ್ ಆಗುತ್ತದೆ, ಒಬ್ಬರ ಸ್ನಾನ ಮುಗಿಯಿತು. ಆದರೆ ಬೋರ್ ನೀರು ಇದಕ್ಕೆ ಶತ್ರು. ನಮ್ಮ ಗೀಸರ್ ಬಿಚ್ಚಿದಾಗ ಎಲಿಮೆಂಟ್ ಕಾಣಲೇ ಇಲ್ಲ. ಸುಣ್ಣದ ಬಿಳಿ ಗಟ್ಟಿ ಪದರ, ಸ್ಕ್ರೂಡ್ರೈವರಿನಿಂದ ಕುಟ್ಟಿದರೆ ಹೆಂಟೆ ಹೆಂಟೆ ಉದುರಿತು. ಮಲಪ್ರಭಾ ನೀರು ಬರುವ ಮನೆಯಲ್ಲಿ ಈ ಕಾಟ ಕಡಿಮೆ. ಸೋಲಾರಿಗೂ ಇದೇ ಮಾತು: ಬೋರ್ ನೀರಿದ್ದರೆ ತಾಮ್ರದ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಗಾಜಿನ ಟ್ಯೂಬಿನದಾದರೆ ತೆಗೆದು ತೊಳೆಯಬಹುದು.

ಗ್ಯಾಸ್ ಗೀಸರ್ ಬಗ್ಗೆ ಒಂದೇ ಮಾತು. ಕಿಟಕಿ ಮುಚ್ಚಿದ ಬಚ್ಚಲೊಳಗೆ ಅದನ್ನು ಇಡಲೇಬೇಡಿ. ಗಾಳಿ ಸಾಲದೆ ಗ್ಯಾಸ್ ಉರಿದರೆ ಹುಟ್ಟುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದರಿಂದ ಜನ ಸತ್ತಿದ್ದಾರೆ. ಹೊರಗೆ ಗಾಳಿ ಆಡುವ ಕಡೆ ಹಾಕಿಸಿ.

ಹೊಸ ನೆಂಟ ಹೀಟ್ ಪಂಪ್. ಇದು ಫ್ರಿಜ್ಜಿನ ಕೆಲಸವೇ, ಉಲ್ಟಾ ಅಷ್ಟೆ. ಹೊರಗಿನ ಗಾಳಿಯ ಬಿಸಿಯನ್ನು ಎಳೆದು ನೀರಿಗೆ ತುಂಬುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಬಿಸಿ ಸಿಗುತ್ತದೆ, ಹಾಗಾಗಿ ಆ 200 ಲೀಟರಿಗೆ ಒಂದೂವರೆ ಯೂನಿಟ್ ಸಾಕು. ಮೋಡ ಇದ್ದರೂ ನಡೆಯುತ್ತದೆ. ಆದರೆ ದುಬಾರಿ. ನಾಲ್ಕು ಜನರ ಮನೆಗೆ ನಾನು ಹಾಕಿಸು ಅನ್ನಲ್ಲ. ಹಾಸ್ಟೆಲ್, ಲಾಡ್ಜ್ ಇದ್ದವರು ವಿಚಾರ ಮಾಡಿ.

ನಮ್ಮ ಮನೆಯಲ್ಲಿ ಈಗ ಎರಡೂ ಇವೆ. ಸೋಲಾರ್ ಪೈಪು ನೇರವಾಗಿ ಬಚ್ಚಲ ಗೀಸರಿಗೆ ಬರುತ್ತದೆ. ಬಿಸಿಯಾಗೇ ಬಂದರೆ ಗೀಸರ್ ಸುಮ್ನೆ ಇರುತ್ತದೆ, ತಣ್ಣಗೆ ಬಂದ ದಿನ ಮಾತ್ರ ಹದಿನೈದು ಲೀಟರ್ ಕಾಯಿಸುತ್ತದೆ. ಬಿಸಿನೀರು ಒಳಗೆ ಬಂದರೂ ತಾಳಿಕೊಳ್ಳುವ ಗೀಸರ್ ತಾನೇ ಅಂತ ಕೊಳ್ಳುವಾಗ ಕೇಳಿಕೊಳ್ಳಿ. ಮಾಳಿಗೆ ಟ್ಯಾಂಕಿನ ಕಾಯಿಲ್ ಸ್ವಿಚ್ಚಿಗೆ ನಮ್ಮ ಮನೆಯವರು ಕಪ್ಪು ಟೇಪು ಸುತ್ತಿದ್ದಾರೆ. ಈಗ ನಿಮ್ಮ ಪ್ರಶ್ನೆ ಕೇಳಿ.