ನಿಮ್ಮ ಮನೆಯ ತೂಬು ಎಲ್ಲಿದೆ?

ನಮಸ್ಕಾರ. ಡ್ಯಾಲಸ್, ಪ್ಲೇನೋ, ಫ್ರಿಸ್ಕೋ, ಅರ್ವಿಂಗ್ ಕಡೆ ಭಾನುವಾರದ ಕಾಫಿ ಕುಡಿಯುತ್ತಾ ರೇಡಿಯೋ ಹಾಕಿಕೊಂಡಿರುವ ಎಲ್ಲರಿಗೂ ನಮಸ್ಕಾರ. ಚಳಿಗಾಲ ಬರುವ ಮುಂಚೆ ಮನೆಯ ನೀರಿನ ಪೈಪುಗಳನ್ನು ಹೇಗೆ ನೋಡಿಕೊಳ್ಳಬೇಕು, ಹತ್ತು ಹನ್ನೆರಡು ನಿಮಿಷ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಕಟ್ಟಡಗಳ ಪೈಪುಗಳ ಜೊತೆಯಲ್ಲೇ ನನ್ನ ಅರ್ಧ ಆಯಸ್ಸು ಕಳೆದಿದೆ. ಹನ್ನೆರಡು ನಿಮಿಷ ಏನು, ಹನ್ನೆರಡು ಗಂಟೆ ಮಾತಾಡಬಲ್ಲೆ. ಅದಕ್ಕೇ ಇರಬೇಕು, ಇವರು ಎದುರಿಗೇ ಒಂದು ಗಡಿಯಾರ ಇಟ್ಟಿದ್ದಾರೆ.

ಮೊದಲು ಒಂದು ಪ್ರಶ್ನೆ. ಕೂತಲ್ಲೇ ಉತ್ತರ ಹೇಳಬೇಕು. ನಿಮ್ಮ ಮನೆಗೆ ಬರುವ ನೀರನ್ನೆಲ್ಲ ಒಂದೇ ಸಲಕ್ಕೆ ನಿಲ್ಲಿಸುವ ಮೇನ್ ವಾಲ್ವ್ ಎಲ್ಲಿದೆ?

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡಿರಿ, ಅಲ್ವಾ? ನನಗೆ ಗೊತ್ತು. ನಾನು ಈ ಪ್ರಶ್ನೆಯನ್ನು ಮದುವೆ ಮನೆಯಲ್ಲಿ ಕೇಳಿದ್ದೇನೆ, ಗಣಪತಿ ಹಬ್ಬದ ಊಟದ ಸಾಲಿನಲ್ಲಿ ಕೇಳಿದ್ದೇನೆ. ಹತ್ತು ಜನರಲ್ಲಿ ಇಬ್ಬರು ಉತ್ತರ ಹೇಳಿದರೆ ಹೆಚ್ಚು. ವೈಫೈ ಪಾಸ್‌ವರ್ಡ್ ಎಲ್ಲರಿಗೂ ಬಾಯಿಪಾಠ.

ನಮ್ಮೂರು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ಊರಿಗೊಂದು ಕೆರೆ, ಕೆರೆಗೊಂದು ತೂಬು, ತೂಬಿಗೊಬ್ಬ ನೀರಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಯಾವಾಗ ತೂಬು ಮುಚ್ಚಬೇಕು ಅನ್ನುವುದು ಅವನ ಕೆಲಸ. ಅಮಾವಾಸ್ಯೆಯ ಕತ್ತಲಲ್ಲಿ, ಜಡಿಮಳೆಯಲ್ಲಿ ಹೋಗಿ ಮುಚ್ಚಿ ಬರುತ್ತಿದ್ದ. ನಾವು ಇಲ್ಲಿ ನಾಲ್ಕು ಬೆಡ್‌ರೂಮಿನ ಮನೆ ಕೊಂಡಿದ್ದೇವೆ. ಗೋಡೆಯೊಳಗೆ, ಅಟ್ಟದೊಳಗೆ ಉದ್ದಕ್ಕೂ ಪೈಪು ಓಡಿದೆ. ಆದರೆ ಮನೆಗೆ ನೀರಗಂಟಿ ಇಲ್ಲ! ಇವತ್ತಿನ ನನ್ನ ಮಾತೆಲ್ಲ ಇಷ್ಟೇ. ನಿಮ್ಮ ಮನೆಯಲ್ಲಿ ಒಬ್ಬರು ನೀರಗಂಟಿ ಆಗಬೇಕು. ತೂಬು ಎಲ್ಲಿದೆ ಅಂತ ಅವರಿಗೆ ಗೊತ್ತಿರಬೇಕು.

ಸರಿ, ಪೈಪು ಯಾಕೆ ಒಡೆಯುತ್ತದೆ? ನೀರು ಮಂಜುಗಡ್ಡೆಯಾದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ. ಗಡ್ಡೆ ಪೈಪನ್ನು ಒಳಗಿನಿಂದ ತಳ್ಳಿ ಸೀಳುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಚ್ಚಿನ ಸಲ ಹಾಗಲ್ಲ. ಚಕ್ಕುಲಿ ಒರಳನ್ನು ನೆನಪಿಸಿಕೊಳ್ಳಿ. ಕೆಳಗಿನ ತೂತು ಮುಚ್ಚಿಟ್ಟು ಮೇಲಿನಿಂದ ಒತ್ತಿದರೆ ಏನಾಗುತ್ತದೆ? ಹಿಟ್ಟು ಎಲ್ಲಿ ಸಂದು ಸಿಕ್ಕಿದರೆ ಅಲ್ಲಿಂದ ನುಗ್ಗುತ್ತದೆ. ಇಲ್ಲೂ ಅದೇ ಕಥೆ. ನಲ್ಲಿ ಮುಚ್ಚಿದೆ. ಪೈಪಿನ ನಡುವೆ ಗಡ್ಡೆ ಬೆಳೆಯುತ್ತಿದೆ. ಗಡ್ಡೆಗೂ ನಲ್ಲಿಗೂ ಮಧ್ಯೆ ಸಿಕ್ಕಿಕೊಂಡ ನೀರಿಗೆ ಹೋಗಲು ದಾರಿ ಇಲ್ಲ. ಒತ್ತಡ ಏರುತ್ತದೆ, ಏರುತ್ತದೆ, ಪೈಪು ಎಲ್ಲಿ ಬಡವಾಗಿದೆಯೋ ಅಲ್ಲಿ ಬಾಯಿ ಬಿಡುತ್ತದೆ. ಚಳಿಯ ರಾತ್ರಿ ನಲ್ಲಿಯನ್ನು ಸಣ್ಣಗೆ ಬಿಡಿ ಅಂತ ಹೇಳುವುದು ಇದಕ್ಕೇ. ಹರಿಯುವ ನೀರು ಹೆಪ್ಪುಗಟ್ಟುವುದು ತಡ ಅನ್ನುವುದು ಒಂದು ಲಾಭ. ಅದಕ್ಕಿಂತ ದೊಡ್ಡದು, ಆ ಒತ್ತಡಕ್ಕೆ ಒಂದು ಬಾಗಿಲು ಸಿಗುತ್ತದೆ.

ಎಷ್ಟು ಚಳಿಗೆ ಹೆದರಬೇಕು? ಇಲಿನಾಯ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ಒಂದು ಗಡಿ ಹೇಳಿದ್ದಾರೆ. 20 ಡಿಗ್ರಿ ಫ್ಯಾರನ್‌ಹೀಟ್. ನಮ್ಮೂರ ಲೆಕ್ಕದಲ್ಲಿ ಹೆಚ್ಚುಕಡಿಮೆ ಮೈನಸ್ 7. ಹೊದಿಕೆಯಿಲ್ಲದ ಪೈಪು ಅಟ್ಟದಲ್ಲಿದ್ದರೆ, ಹೊರಗೆ 20ಕ್ಕೆ ಇಳಿದಾಗ ಎಚ್ಚರವಾಗಿರಬೇಕು. ಫೋನಿನಲ್ಲಿ 20 ಕಂಡರೆ ಕೆಲಸ ಶುರು ಅಂತ ತಿಳಿಯಿರಿ.

ಮಿನೆಸೋಟಾದ ನೆಂಟರು ಇದನ್ನು ಕೇಳಿ ನಗುತ್ತಾರೆ. 20 ಡಿಗ್ರಿಗೆ ನಾವು ಸ್ವೆಟರ್ ಬಿಚ್ಚುತ್ತೇವೆ ಅನ್ನುತ್ತಾರೆ. ನಗಲಿ ಬಿಡಿ. ಅಲ್ಲಿ ಮನೆ ಕಟ್ಟುವವರು ಚಳಿಯನ್ನು ತಲೆಯಲ್ಲಿಟ್ಟುಕೊಂಡು ಪೈಪನ್ನು ಬೆಚ್ಚಗಿನ ಬೇಸ್‌ಮೆಂಟಿನಲ್ಲಿ, ಒಳಗೋಡೆಯಲ್ಲಿ ಎಳೆಯುತ್ತಾರೆ. ಟೆಕ್ಸಸ್ಸಿನಲ್ಲಿ ಮನೆ ಕಟ್ಟುವುದು ಬೇಸಿಗೆಯನ್ನು ನೆನೆದು. ಬೇಸ್‌ಮೆಂಟ್ ಸಾಮಾನ್ಯವಾಗಿ ಇಲ್ಲ. ಪೈಪು ಅಟ್ಟದಲ್ಲಿ, ಹೊರಗೋಡೆಯಲ್ಲಿ. ಎಷ್ಟೋ ಮನೆಗಳಲ್ಲಿ ನೀರು ಕಾಯಿಸುವ ಹೀಟರ್ ಕೂಡ ಅಟ್ಟದಲ್ಲೇ. ಕೆಳಗೆ ನಾವು ಬೆಚ್ಚಗೆ ಮಲಗಿರುತ್ತೇವೆ, ತಲೆಯ ಮೇಲೆ ನೀರು ನಡುಗುತ್ತಿರುತ್ತದೆ.

ಈಗ 2021ರ ಫೆಬ್ರುವರಿಗೆ ಬರುತ್ತೇನೆ. ಆಗ ಇಲ್ಲಿದ್ದವರು ಯಾರೂ ಮರೆತಿಲ್ಲ. ಭಾನುವಾರ ಹಿಮ ಬಿತ್ತು, ಮಕ್ಕಳೆಲ್ಲ ಕುಣಿದರು. ಸೋಮವಾರ ಬೆಳಗಿನ ಜಾವ ಕರೆಂಟ್ ಹೋಯಿತು. ಟೆಕ್ಸಸ್ಸಿನಲ್ಲಿ 40 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಇಲ್ಲ. ಮಂಗಳವಾರ, 16ನೇ ತಾರೀಖು, ನಮ್ಮ ಡಿಎಫ್‌ಡಬ್ಲ್ಯು, ಅಂದರೆ ಡ್ಯಾಲಸ್ ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟ್. 1949ರಿಂದ ಈಚೆಗೆ ಅಷ್ಟು ಚಳಿ ಇಲ್ಲಿ ಆಗಿರಲಿಲ್ಲ.

ಪ್ಲೇನೋದಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ. ಹೆಸರು ಬೇಡ, ಅವರೂ ಕೇಳುತ್ತಿರಬಹುದು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಜೊತೆಗೆ ಕೊರೊನಾದಿಂದ ಊರಿಗೆ ಹೋಗಲಾಗದೆ ಒಂದು ವರ್ಷದಿಂದ ಇಲ್ಲೇ ಉಳಿದಿದ್ದ ಅವರ ಅಮ್ಮ. ಎರಡೂವರೆ ದಿನ ಕರೆಂಟ್ ಇಲ್ಲದೆ ಒಂದೇ ರೂಮಿನಲ್ಲಿ ಎಲ್ಲರೂ ಕಂಬಳಿ ಹೊದ್ದು ಕೂತಿದ್ದರು. ಗ್ಯಾಸ್ ಒಲೆಯನ್ನು ಕಡ್ಡಿ ಗೀರಿ ಹಚ್ಚಿ ಅಮ್ಮ ದಿನಾ ಮೆಣಸಿನ ಸಾರು ಮಾಡುತ್ತಿದ್ದರಂತೆ. ಬುಧವಾರ ರಾತ್ರಿ ಕರೆಂಟ್ ಬಂತು. ಎಲ್ಲರೂ ಚಪ್ಪಾಳೆ ಹೊಡೆದರು. ಮನೆ ಬಿಸಿಯಾಯಿತು. ಅಮ್ಮ ಎರಡು ದಿನದ ಮೇಲೆ ಸ್ನಾನ ಮಾಡಿ ದೀಪ ಹಚ್ಚಿದರು.

ಆಮೇಲೆ ಟಪ್, ಟಪ್, ಟಪ್.

ಇದನ್ನು ಗಮನಿಸಿ. ಪೈಪು ಒಡೆದದ್ದು ಮಂಗಳವಾರವೇ. ಗಡ್ಡೆಯೇ ಬಿರಡೆಯ ಹಾಗೆ ನಿಂತಿತ್ತು, ಅದಕ್ಕೇ ಸೋರಲಿಲ್ಲ. ಮನೆ ಬಿಸಿಯಾದಾಗ ಗಡ್ಡೆ ಕರಗಿತು, ಬಿರಡೆ ಕಿತ್ತುಕೊಂಡಿತು. ಕಷ್ಟ ಮುಗಿಯಿತು ಅಂತ ನಿಟ್ಟುಸಿರು ಬಿಡುವ ಹೊತ್ತಿಗೇ ನೀರು ಬರುವುದು.

ನನಗೆ ಫೋನ್ ಬಂತು. "ಸಾರ್, ಮನೆಯೊಳಗೆ ಮಳೆ ಬರ್ತಿದೆ." ನಾನು ಕೇಳಿದೆ, "ಮೇನ್ ವಾಲ್ವ್ ಮುಚ್ಚಿದ್ರಾ?" ಆ ಕಡೆಯಿಂದ ಸದ್ದೇ ಇಲ್ಲ. ಆರು ವರ್ಷದಿಂದ ಅದೇ ಮನೆ. "ಪ್ಲಂಬರ್‌ಗೆ ಫೋನ್ ಮಾಡಿದೀವಿ ಸಾರ್, ಶುಕ್ರವಾರ ಬರ್ತಾರಂತೆ." ಬುಧವಾರ ರಾತ್ರಿ ಸೀಲಿಂಗ್ ಸೋರುತ್ತಿದೆ, ಇವರು ಶುಕ್ರವಾರದ ಮಾತು ಆಡುತ್ತಿದ್ದಾರೆ! ಹಿಂದಿನಿಂದ ಅಮ್ಮನ ದನಿ ಕೇಳಿಸಿತು. "ಯಾರೋ ಬರ್ಲಿ ಅಂತ ಕಾಯ್ತೀಯಲ್ಲೋ, ಮೊದ್ಲು ತೂಬು ಮುಚ್ಚೋ!" ಆ ಮನೆಯಲ್ಲಿ ವಿಷಯ ಗೊತ್ತಿದ್ದವರು ಅವರೊಬ್ಬರೇ. ಶಿರಾ ಕಡೆಯವರು, ಕೆರೆ ನೋಡಿ ಬೆಳೆದವರು.

ವಿಡಿಯೋ ಕಾಲ್ ಹಾಕಿ ಹೊರಗೆ ಹೋಗಿ ಅಂದೆ. ಹೊರಗೆ ಎಲ್ಲ ಬೆಳ್ಳಗೆ. ಹುಲ್ಲು ಯಾವುದು, ಫುಟ್‌ಪಾತ್ ಯಾವುದು ಗೊತ್ತಾಗುತ್ತಿಲ್ಲ. ಹಿಮ ಎತ್ತುವ ಸಲಿಕೆ ಇಲ್ಲಿ ಯಾರ ಮನೆಯಲ್ಲಿದೆ ಹೇಳಿ? ದೋಸೆ ಮಗುಚುವ ಕೈ ಹಿಡಿದುಕೊಂಡು ಬಂದರು. ಕೆರೆದು ಕೆರೆದು ಒಂದು ಹಸಿರು ಮುಚ್ಚಳ ಸಿಕ್ಕಿತು. "ಸಿಕ್ತು ಸಾರ್!" ಒಳಗಿದ್ದ ಹಿಡಿಗಳನ್ನೆಲ್ಲ ತಿರುಗಿಸಿದರು. ಹೆಂಡತಿ ಬಾಗಿಲಿನಿಂದ ಕೂಗಿದರು, ನೀರು ನಿಂತಿಲ್ಲ, ಜಾಸ್ತಿಯಾಗಿದೆ. ಅವರು ಮುಚ್ಚಿದ್ದು ಹುಲ್ಲಿಗೆ ನೀರು ಬಿಡುವ ಸ್ಪ್ರಿಂಕ್ಲರ್ ವಾಲ್ವು! ಹಸಿರು ಮುಚ್ಚಳ ಅಂದರೆ ಬಹುಪಾಲು ಅದೇ. ಬೇಕಾದದ್ದು ರಸ್ತೆಯ ಅಂಚಿನಲ್ಲಿರುವ ಮೀಟರ್ ಪೆಟ್ಟಿಗೆ. ಮತ್ತೆ ದೋಸೆ ಕೈ. ಸಿಕ್ಕಿತು, ಆದರೆ ಮುಚ್ಚಳ ಅಂಟಿಕೊಂಡಿದೆ. ಅಮ್ಮ ಒಂದು ಚೆಂಬು ಬಿಸಿನೀರು ಕೊಟ್ಟು ಕಳಿಸಿದರು. ತೆಗೆದರೆ ಒಳಗೆ ಕೆಸರು. ಕೆಸರಿನೊಳಗೆ ಕೈ ಹಾಕಿ ತಡಕಿದರೆ ಮೀಟರಿನ ಪಕ್ಕ ಒಂದು ಕಿವಿಯಂಥ ಲೋಹ. ಅದನ್ನು ತಿರುಗಿಸಲು ಉದ್ದ ಕೈಯ ಕೀಲಿ ಬೇಕು. ಇಲ್ಲ. ಸ್ಪ್ಯಾನರ್? ಗ್ಯಾರೇಜಿನಲ್ಲಿದೆ, ಎಲ್ಲೋ ಇದೆ, ಸೈಕಲ್ ಹಿಂದೆ ಇದೆ. ನನ್ನ ಫೋನಿನಲ್ಲಿ ಅವರ ಮುಖ ಕಾಣುತ್ತಿಲ್ಲ, ಉಸಿರಿನ ಹೊಗೆ ಮಾತ್ರ.

ನಲವತ್ತು ನಿಮಿಷ. ತಿರುಗಿಸುವ ಕೆಲಸ ಎಷ್ಟು ಗೊತ್ತಾ? ಕಾಲು ಸುತ್ತು. ಆ ಕಿವಿ ಪೈಪಿನ ಉದ್ದಕ್ಕೆ ಇದ್ದರೆ ನೀರು ಬರುತ್ತಿದೆ, ಪೈಪಿಗೆ ಅಡ್ಡ ನಿಂತರೆ ಬಂದ್. ಎರಡು ಸೆಕೆಂಡಿನ ಕೆಲಸ.

ಆ ನಲವತ್ತು ನಿಮಿಷದಲ್ಲಿ ಒಳಗೇನಾಯಿತು? ಒಡೆದ ಪೈಪಿನಿಂದ ನಿಮಿಷಕ್ಕೆ 20 ಲೀಟರ್ ಅಂತಲೇ ಹಿಡಿಯಿರಿ. 800 ಲೀಟರ್. ಬೆಂಗಳೂರಿನ ಮನೆಯ ತಾರಸಿ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕನ್ನು ತಂದು ನಡುಮನೆಯಲ್ಲಿ ಬಗ್ಗಿಸಿದ ಹಾಗೆ. ಸೀಲಿಂಗಿನ ಹಲಗೆ ನೆನೆದು, ಹೊಟ್ಟೆ ಬಿಟ್ಟು, ಸೋಫಾ ಮೇಲೆ ಬಿತ್ತು. ಅದರ ಹಿಂದೆಯೇ ಅಟ್ಟದ ಇನ್ಸುಲೇಷನ್, ನೆನೆಸಿದ ಅವಲಕ್ಕಿಯ ಹಾಗೆ ಮುದ್ದೆ ಮುದ್ದೆ. ಅಮ್ಮ ಮಾತ್ರ ಹನಿ ಬಿದ್ದ ಕೂಡಲೇ ದೇವರ ಮಂಟಪವನ್ನೂ ಮೊಮ್ಮಕ್ಕಳ ಪುಸ್ತಕವನ್ನೂ ಬೇರೆ ರೂಮಿಗೆ ಸಾಗಿಸಿದ್ದರು. ಮನೆ ರಿಪೇರಿಯಾಗಲು ಐದು ತಿಂಗಳು ಹಿಡಿಯಿತು. ಇನ್ಶೂರೆನ್ಸ್ ಬಂತು, ನಿಜ. ಆ ಐದು ತಿಂಗಳು ಬಾಡಿಗೆ ಮನೆಯಲ್ಲಿ ಪೆಟ್ಟಿಗೆಗಳ ನಡುವೆ ಇದ್ದದ್ದಕ್ಕೆ ಯಾವ ಇನ್ಶೂರೆನ್ಸ್?

ಒಳಗಿನಿಂದ ಕೈ ಬೀಸುತ್ತಿದ್ದಾರೆ. ಮೂರು ನಿಮಿಷ ಉಳಿದಿದೆಯಂತೆ. ಆಗಲಿ, ಮಿಕ್ಕಿದ್ದನ್ನು ಬೇಗ ಹೇಳಿಬಿಡುತ್ತೇನೆ.

ಹೊರಗಿನ ನಲ್ಲಿಯಿಂದ ತೋಟದ ಹೋಸ್ ಬಿಚ್ಚಿ. ಬಿಚ್ಚದೆ ಬಿಟ್ಟರೆ ಅದರೊಳಗಿನ ನೀರು ಹೆಪ್ಪುಗಟ್ಟಿ ಗೋಡೆಯೊಳಗಿನ ಪೈಪನ್ನೇ ಸೀಳುತ್ತದೆ. ಆಮೇಲೆ ನಲ್ಲಿಗೆ ಫೋಮ್ ಟೋಪಿ ಹಾಕಿ, ಕೆಲವೇ ಡಾಲರ್. ಸ್ಪ್ರಿಂಕ್ಲರಿಗೆ ನೆಲದ ಮೇಲೆ ಎದ್ದು ನಿಂತಿರುವ ಹಿತ್ತಾಳೆಯ ಪೈಪು ಇದ್ದರೆ ಅದರ ನೀರು ನಿಲ್ಲಿಸಿ, ಒಳಗಿದ್ದದ್ದನ್ನು ಬಸಿದು, ಅದರ ಚಿಕ್ಕ ವಾಲ್ವುಗಳನ್ನು ಅರ್ಧ ತೆರೆದು ಬಿಡಿ. ಅಟ್ಟದ ಪೈಪಿಗೆ ಫೋಮ್ ತೋಳು ತೊಡಿಸಿ. ಆದರೆ ತೋಳು ತೊಡಿಸಿದೆ, ಇನ್ನೇನು ಭಯ ಅಂತ ಮಲಗಬೇಡಿ. ಕಲ್ಲಿಗೆ ಕಂಬಳಿ ಹೊದಿಸಿದರೆ ಕಲ್ಲು ಬಿಸಿಯಾಗುತ್ತದಾ? ಕಂಬಳಿ ಚಳಿಯನ್ನು ತಡ ಮಾಡುತ್ತದೆ, ಅಷ್ಟೇ.

20 ಡಿಗ್ರಿ ರಾತ್ರಿ, ಮೀಟರಿಗೆ ಅತಿ ದೂರದ ನಲ್ಲಿಯನ್ನು ಸಣ್ಣ ಎಳೆಯಾಗಿ ಬಿಡಿ. ಬಿಸಿ, ತಣ್ಣೀರು ಎರಡೂ. ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ. ಟ್ಯಾಂಕ್ ಇಲ್ಲದ ಹೀಟರ್ ಹೊರಗೋಡೆಯಲ್ಲಿದ್ದರೆ ಅದರ ಪ್ಲಗ್ ಕೀಳಬೇಡಿ, ಅದು ತನ್ನನ್ನು ಬೆಚ್ಚಗೆ ಇಟ್ಟುಕೊಳ್ಳುವುದು ಕರೆಂಟಿನಿಂದಲೇ. ಹೆಪ್ಪುಗಟ್ಟಿದ ಪೈಪಿಗೆ ಹೇರ್ ಡ್ರೈಯರ್ ಹಿಡಿಯಿರಿ, ನಲ್ಲಿಯ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಹೋಗಿ, ನಲ್ಲಿ ತೆರೆದಿರಲಿ. ಬೆಂಕಿ ಮಾತ್ರ ಹಿಡಿಯಬೇಡಿ. ಅಟ್ಟ ಎಲ್ಲ ಮರ.

ಡಿಸೆಂಬರಿನಲ್ಲಿ ಊರಿಗೆ ಹೋಗುವವರೇ, ಇದು ನಿಮಗೆ. ನೀವು ಗಾಂಧಿಬಜಾರಿನಲ್ಲಿ ಮಸಾಲೆ ದೋಸೆ ತಿನ್ನುತ್ತಿರುವಾಗ ಇಲ್ಲಿ ಪೈಪು ಒಡೆದರೆ ಮೂರು ವಾರ ಸುರಿಯುತ್ತದೆ. ಉಪ್ಪಿನಕಾಯಿ ತರಲು ಖಾಲಿ ಸೂಟ್‌ಕೇಸ್ ಇಟ್ಟುಕೊಂಡಿರಾ ಅಂತ ಎರಡು ಸಲ ನೋಡುತ್ತೀರಿ. ಮನೆ ಬೀಗ ಹಾಕುವ ಮುಂಚೆ ಮೇನ್ ವಾಲ್ವ್ ಮುಚ್ಚಿ. ನಲ್ಲಿಗಳನ್ನೆಲ್ಲ ತೆರೆದು ಪೈಪಿನಲ್ಲಿ ಉಳಿದ ನೀರು ಹರಿದುಹೋಗಲು ಬಿಡಿ. ನೀರಿನ ಹೀಟರನ್ನು ವೆಕೇಷನ್ ಅನ್ನುವ ಸೆಟ್ಟಿಂಗ್‌ಗೆ ತಿರುಗಿಸಿ. ಮನೆಯ ಹೀಟರ್ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಬೇಡ. ಕರೆಂಟ್ ಬಿಲ್ ಉಳಿಸುತ್ತೇನೆ ಅಂತ ಪೂರ್ತಿ ಆಫ್ ಮಾಡಿ ಹೋದವರನ್ನು ಕಂಡಿದ್ದೇನೆ. ಬಂದ ಮೇಲೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ನನ್ನನ್ನು ಕರೆಯುತ್ತಾರೆ.

ಸಮಯ ಆಯಿತು ಅನ್ನುತ್ತಿದ್ದಾರೆ. ಈಗ ಹಾಡು ಹಾಕುತ್ತಾರಂತೆ. ಹಾಡು ಎಲ್ಲೂ ಓಡಿಹೋಗುವುದಿಲ್ಲ. ಎದ್ದು ಹೊರಗೆ ಹೋಗಿ ಮೀಟರ್ ಪೆಟ್ಟಿಗೆಯ ಮುಚ್ಚಳ ಎತ್ತಿ ನೋಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರು ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಲಿ. ಇವತ್ತೇ ಹಾರ್ಡ್‌ವೇರ್ ಅಂಗಡಿಯಿಂದ ಮೀಟರ್ ಕೀಲಿ ತಂದು ಗ್ಯಾರೇಜ್ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ. ಸೈಕಲ್ ಹಿಂದೆ ಅಲ್ಲ. ಮುಚ್ಚಳ ಎತ್ತುವಾಗ ಗ್ಲೌಸ್ ಹಾಕಿಕೊಳ್ಳಿ, ಒಳಗೆ ಕೆಂಜಿರುವೆಯೋ ಜೇಡವೋ ಇರುತ್ತದೆ. ನಮಸ್ಕಾರ.