ನಿದ್ದೆಗೆಟ್ಟ ಕಣ್ಣು, ಬದಲಾದ ರನ್‌ವೇ

ಕೇಳುಗರಿಗೆ ನಮಸ್ಕಾರ.

ನ್ಯೂಯಾರ್ಕ್ ನಗರದ ಮಗ್ಗುಲಲ್ಲೇ ಟೀಟರ್‌ಬೊರೊ ಅಂತ ಒಂದು ವಿಮಾನ ನಿಲ್ದಾಣವಿದೆ. ದೊಡ್ಡ ಪ್ರಯಾಣಿಕ ವಿಮಾನಗಳು ಅಲ್ಲಿಗೆ ಬರುವುದಿಲ್ಲ. ಕಂಪನಿ ಮಾಲೀಕರು, ಸಿರಿವಂತರು ಓಡಾಡುವ ಸಣ್ಣ ಜೆಟ್‌ಗಳದ್ದೇ ಅಲ್ಲಿ ಕಾರುಬಾರು. ಅಲ್ಲಿಂದ ನೈರುತ್ಯ ದಿಕ್ಕಿಗೆ ಹಾರುವ ಪೈಲಟ್‌ಗಳಿಗೆ ಒಂದು ಕಟ್ಟುನಿಟ್ಟಿನ ದಾರಿ ಹಾಕಿಕೊಟ್ಟಿದ್ದಾರೆ. ನೆಲ ಬಿಟ್ಟ ಮೇಲೆ 1,500 ಅಡಿಗೆ ಏರಿ, ಆ ಎತ್ತರದಲ್ಲೇ ಹೋಗುತ್ತಿರಬೇಕು. ನಕ್ಷೆಯಲ್ಲಿ ಗುರುತು ಮಾಡಿದ ಒಂದು ಬಿಂದು ದಾಟಿದ ಮೇಲಷ್ಟೇ 2,000 ಅಡಿಗೆ ಏರಬಹುದು. ಯಾಕೆ ಹೀಗೆ? ಹತ್ತಿರದ ನೆವಾರ್ಕ್ ನಿಲ್ದಾಣದಲ್ಲಿ ಇಳಿಯುವ ದೊಡ್ಡ ವಿಮಾನಗಳು ಇವರ ತಲೆಯ ಮೇಲೇ ಹಾದುಹೋಗುತ್ತಿರುತ್ತವೆ. ಎರಡರ ನಡುವೆ ಉಳಿಯುವ ಅಂತರ ಬರೀ 1,000 ಅಡಿ.

ಈಗಿನ ಜೆಟ್‌ಗಳಿಗೆ 1,500 ಅಡಿ ಅಂದರೆ ಲೆಕ್ಕಕ್ಕೇ ಇಲ್ಲ. ಚಕ್ರ ಒಳಗೆ ಹೋಗುವಷ್ಟರಲ್ಲಿ ಅರ್ಧ ದಾರಿ ಮುಗಿದಿರುತ್ತದೆ. ಅದೇ ಹೊತ್ತಿಗೆ ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನು, ಅಂದರೆ ಫ್ಲ್ಯಾಪ್‌ಗಳನ್ನು ಒಳಗೆಳೆಯಬೇಕು, ರೇಡಿಯೋ ಫ್ರೀಕ್ವೆನ್ಸಿ ಬದಲಿಸಬೇಕು, ತಿರುವು ತೆಗೆದುಕೊಳ್ಳಬೇಕು. ಈ ಗಡಿಬಿಡಿಯಲ್ಲಿ 1,500 ದಾಟಿ ಸೀದಾ 2,000ಕ್ಕೆ ಏರಿಬಿಟ್ಟ ಪೈಲಟ್‌ಗಳು ಬಹಳ ಮಂದಿ. ಅಮೆರಿಕದ ವಿಮಾನಯಾನ ಇಲಾಖೆ ಮತ್ತೆ ಮತ್ತೆ ಎಚ್ಚರಿಸಬೇಕಾಯಿತು. ಇವರಾರೂ ನಿಯಮ ಗೊತ್ತಿಲ್ಲದವರಲ್ಲ. ಹೊರಡುವ ಮೊದಲು ನಕ್ಷೆ ಓದಿರುತ್ತಾರೆ, ಒಬ್ಬರಿಗೊಬ್ಬರು ಹೇಳಿಕೊಂಡಿರುತ್ತಾರೆ. ಓದಿ, ಹೇಳಿಕೊಂಡು, ಕೊನೆಗೆ ತಪ್ಪುತ್ತಾರೆ. ನನ್ನ ಇವತ್ತಿನ ಮಾತು ಇದರ ಸುತ್ತ, ಪೈಲಟ್‌ಗಳ ದಣಿವಿನ ಸುತ್ತ.

ಪ್ರತಿ ದೊಡ್ಡ ನಿಲ್ದಾಣಕ್ಕೂ ಇಂಥ ನಿರ್ಗಮನದ ದಾರಿಗಳಿರುತ್ತವೆ. ಯಾವ ರನ್‌ವೇಯಿಂದ ಎದ್ದರೆ ಎಲ್ಲಿ ತಿರುಗಬೇಕು, ಎಲ್ಲಿ ಎಷ್ಟು ಎತ್ತರ ಇರಬೇಕು, ಎಲ್ಲವೂ ಬರೆದಿಟ್ಟಿದ್ದು. ಪೈಲಟ್ ಅದನ್ನು ಕಾಕ್‌ಪಿಟ್ ಕಂಪ್ಯೂಟರಿಗೆ ತುಂಬಿಸುತ್ತಾನೆ. ಮೊದಲು ರನ್‌ವೇ, ಆಮೇಲೆ ದಾರಿಯ ಹೆಸರು, ಆಮೇಲೆ ಆ ದಾರಿ ಮುಂದೆ ಯಾವ ಕವಲಿಗೆ ಸೇರುತ್ತದೆ ಅನ್ನುವುದು. ಇಷ್ಟಾದರೆ ಆಟೋಪೈಲಟ್‌ಗೆ ಹಿಂಬಾಲಿಸಲು ಒಂದು ಗೆರೆ ಸಿಗುತ್ತದೆ. ಕೇಳಲು ಸುಲಭ ಅಲ್ವಾ? ಆದರೆ ಈ ಕೆಲಸ ನಡೆಯುವುದು ವಿಮಾನ ನಿಂತಿರುವಾಗ, ಇಂಧನದವನು ಕಾಗದ ತಂದುಕೊಡುವಾಗ, ಸಿಬ್ಬಂದಿ ಬಂದು ಒಬ್ಬ ಪ್ರಯಾಣಿಕ ಕಡಿಮೆ ಅನ್ನುವಾಗ.

ಎಲ್ಲ ಮುಗಿಸಿ ವಿಮಾನ ನೆಲದ ಮೇಲೆ ರನ್‌ವೇ ಕಡೆಗೆ ಹೊರಟ ಮೇಲೆ, ವಿಮಾನಗಳಿಗೆ ಸೂಚನೆ ಕೊಡುವ ಟವರ್‌ನಿಂದ ಕರೆ ಬರುತ್ತದೆ: ಗಾಳಿ ತಿರುಗಿದೆ, ಆ ರನ್‌ವೇ ಬೇಡ, ಈ ರನ್‌ವೇಗೆ ಬನ್ನಿ. ಅಸಲಿ ಕಷ್ಟ ಶುರುವಾಗುವುದೇ ಇಲ್ಲಿ. ಕಂಪ್ಯೂಟರಿನಲ್ಲಿ ರನ್‌ವೇ ಬದಲಿಸಿದರೆ, ಅದಕ್ಕೆ ಅಂಟಿಕೊಂಡ ದಾರಿಯೂ ಕಳಚಿಹೋಗಬಹುದು. ಹೊಸದಾಗಿ ತುಂಬಿದಾಗ ಎರಡು ಬಿಂದುಗಳ ನಡುವೆ ಗೆರೆ ಕಡಿದಿರಬಹುದು. ಕೈಯಿಂದ ಜೋಡಿಸದಿದ್ದರೆ ಅಲ್ಲಿಗೆ ಮುಟ್ಟಿದ ಕೂಡಲೇ ಕಂಪ್ಯೂಟರಿಗೆ ಮುಂದಿನ ದಾರಿಯೇ ಇರುವುದಿಲ್ಲ. ಇಲ್ಲವೇ ಗೆರೆ ಸರಿಯಿದ್ದು, ಅದನ್ನು ಹಿಂಬಾಲಿಸು ಅಂತ ಹೇಳುವ ಗುಂಡಿ ಒತ್ತುವುದೇ ಮರೆತಿರಬಹುದು. ಆಗ ತಿರುಗಬೇಕಾದ ಕಡೆ ತಿರುಗದೆ ವಿಮಾನ ಮೂಗಿನ ನೇರಕ್ಕೆ ಹೋಗುತ್ತದೆ. ಪಕ್ಕದ ರನ್‌ವೇಯಿಂದ ಅದೇ ಹೊತ್ತಿಗೆ ಇನ್ನೊಂದು ವಿಮಾನ ಎದ್ದಿದ್ದರೆ ಅಂತರ ಕ್ಷಣಗಳಲ್ಲಿ ಕರಗುತ್ತದೆ.

ಇದಕ್ಕೂ ದಣಿವಿಗೂ ಏನು ನಂಟು? ಪೈಲಟ್ ದಣಿವು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮಧ್ಯರಾತ್ರಿ, ಸಾಗರದ ಮೇಲೆ ತೂಕಡಿಸುವ ಚಿತ್ರ. ಟೇಕಾಫ್ ಹೊತ್ತಿನಲ್ಲಿ ಯಾರೂ ತೂಕಡಿಸುವುದಿಲ್ಲ. ಎಂಜಿನ್ ಅಬ್ಬರ, ಮೈಯಲ್ಲಿ ಹುರುಪು, ಕಣ್ಣು ಪೂರ್ತಿ ತೆರೆದಿರುತ್ತದೆ. ಆದರೆ ನಿದ್ದೆ ಸಾಲದ ತಲೆ ಇರುವುದನ್ನು ಬಿಟ್ಟು ಇರಬೇಕಾದ್ದನ್ನು ನೋಡಿ ಮುಂದೆ ಹೋಗುತ್ತದೆ. ನಾವೇ ಬರೆದ ಪತ್ರದಲ್ಲಿ ಬಿಟ್ಟುಹೋದ ಅಕ್ಷರ ನಮಗೇ ಕಾಣುವುದಿಲ್ಲವಲ್ಲ, ಹಾಗೆ. ಪರದೆ ಮೇಲೆ ಹಳೆಯ ರನ್‌ವೇ ಸಂಖ್ಯೆ ಇದ್ದರೂ ಬಾಯಿ ಹೊಸದನ್ನು ಓದಿಬಿಡುತ್ತದೆ. ಇನ್ನೊಂದು ಕಾಟವೆಂದರೆ, "ಇದನ್ನು ಆಮೇಲೆ ಮಾಡೋಣ" ಅಂತ ಪಕ್ಕಕ್ಕಿಟ್ಟ ಕೆಲಸ ಮತ್ತೆ ನೆನಪಿಗೇ ಬರುವುದಿಲ್ಲ.

ಆಸ್ಟ್ರೇಲಿಯಾದ ಸಂಶೋಧಕರಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ಒಂದು ಅಳತೆ ಕೊಟ್ಟರು. ಸತತ 17 ಗಂಟೆ ಎಚ್ಚರ ಇದ್ದವರ ಚುರುಕು, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆ ಆದರೆ ಹತ್ತಿರ ಹತ್ತಿರ ಶೇಕಡ 0.1ರ ಮಟ್ಟ. ಕುಡಿದು ಬಂದವರನ್ನು ಊದಿಸಿ ಹಿಡಿಯುವ ಯಂತ್ರ ಇದೆ. ನಿದ್ದೆಗೆಟ್ಟು ಬಂದವರನ್ನು ಹಾಗೆ ಗೇಟಿನಲ್ಲೇ ಹಿಡಿಯುವುದು ಹೇಗೆ?

ಒಂದು ಪ್ರಕರಣ ಸ್ವಲ್ಪ ವಿವರವಾಗಿ ಹೇಳಬೇಕು. 2004ರ ಅಕ್ಟೋಬರ್ 14. ಎಂಕೆ ಏರ್‌ಲೈನ್ಸ್ ಎಂಬ ಸರಕು ಸಾಗಣೆ ಕಂಪನಿಯ ಬೋಯಿಂಗ್ 747 ಅಮೆರಿಕದ ಬ್ರ್ಯಾಡ್ಲಿಯಿಂದ ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಬಂತು. ಅಲ್ಲಿ ಇನ್ನಷ್ಟು ಸರಕು, ಇಂಧನ ತುಂಬಿಕೊಂಡು ಸ್ಪೇನ್‌ನ ಸರಗೋಸಾಕ್ಕೆ ಹೋಗಬೇಕು. ಬೆಳಗಿನ ಜಾವ, ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ ಇತ್ತು. ಸಿಬ್ಬಂದಿ ಡ್ಯೂಟಿಗೆ ಬಂದು ಸುಮಾರು 19 ಗಂಟೆ ಕಳೆದಿತ್ತು. ಮುಂದೆ ಇಡೀ ಅಟ್ಲಾಂಟಿಕ್ ದಾಟುವುದಿತ್ತು.

ಎಷ್ಟು ವೇಗದಲ್ಲಿ ಮೂಗೆತ್ತಬೇಕು, ಎಂಜಿನ್‌ಗೆ ಎಷ್ಟು ಬಲ ಕೊಡಬೇಕು ಅನ್ನುವುದನ್ನು ಅವರು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕುತ್ತಿದ್ದರು. ವಿಮಾನದ ತೂಕ 3,50,000 ಕಿಲೋ ದಾಟಿತ್ತು. ಲೆಕ್ಕಕ್ಕೆ ಹೋಗಿದ್ದು ಬ್ರ್ಯಾಡ್ಲಿಯಿಂದ ಹೊರಟಾಗಿನ 2,40,000 ಕಿಲೋ. ತನಿಖೆ ಮಾಡಿದವರ ಪ್ರಕಾರ, ಹಿಂದಿನ ಹಾರಾಟದ ತೂಕವೇ ಲೆಕ್ಕಕ್ಕೆ ಸೇರಿಕೊಂಡಿರಬೇಕು. ಅಂದರೆ 100 ಟನ್‌ಗೂ ಜಾಸ್ತಿ ಭಾರ ಲೆಕ್ಕದಲ್ಲೇ ಇರಲಿಲ್ಲ. ಬಂದ ಉತ್ತರದಲ್ಲಿ ವೇಗವೂ ಕಡಿಮೆ, ಎಂಜಿನ್ ಬಲವೂ ಕಡಿಮೆ. ಆ ಅಂಕಿಗಳನ್ನು ನೋಡಿ "ಇಷ್ಟು ಭಾರಕ್ಕೆ ಇಷ್ಟೇನಾ?" ಅಂತ ಯಾರಿಗೂ ಅನ್ನಿಸಲಿಲ್ಲ. ಹೊರಗೆ ಕಗ್ಗತ್ತಲು. ವೇಗ ಸಾಕಷ್ಟು ಏರುತ್ತಿಲ್ಲ ಅನ್ನುವುದು ಕಿಟಕಿಯಲ್ಲೂ ಗೊತ್ತಾಗಲಿಲ್ಲ. ಬಾಲ ರನ್‌ವೇಗೆ ಉಜ್ಜಿತು, ಆಚೆಗಿದ್ದ ಮಣ್ಣಿನ ದಿಬ್ಬಕ್ಕೆ ಬಡಿಯಿತು. ಏಳೂ ಜನ ಸತ್ತರು. ದಣಿವು ಈ ತಪ್ಪಿನ ಸಾಧ್ಯತೆಯನ್ನು ಹೆಚ್ಚಿಸಿರಬೇಕು ಎಂದು ಕೆನಡಾದ ತನಿಖಾ ಮಂಡಳಿ ಹೇಳಿತು.

ಇಂಥ ತಪ್ಪಿಗೆಲ್ಲ ದಣಿವೇ ಕಾರಣ ಅಂದುಬಿಡುವುದೂ ಸರಿಯಲ್ಲ. 2009ರ ಮಾರ್ಚ್ 20ರಂದು ಮೆಲ್ಬರ್ನ್‌ನಲ್ಲಿ ಎಮಿರೇಟ್ಸ್ ವಿಮಾನವೊಂದರ ಲೆಕ್ಕಕ್ಕೆ 362.9 ಟನ್ ತೂಕ ಹೋಗಬೇಕಿತ್ತು. ಲೆಕ್ಕಕ್ಕೆ ಹೋಗಿದ್ದು 262.9. ಒಂದೇ ಒಂದು ಅಂಕಿ! ಅಲ್ಲೂ ಬಾಲ ನೆಲಕ್ಕೆ ಉಜ್ಜಿತು. ಕೊನೆ ಗಳಿಗೆಯಲ್ಲಿ ಪೂರ್ತಿ ಬಲ ಕೊಟ್ಟಿದ್ದರಿಂದ ವಿಮಾನ ಹೇಗೋ ಎದ್ದಿತು, ಸುರಕ್ಷಿತವಾಗಿ ವಾಪಸ್ ಇಳಿಯಿತು. ದಣಿವಿನಿಂದಲೇ ಹೀಗಾಯಿತು ಅಂತ ಅಲ್ಲಿನ ತನಿಖೆ ಹೇಳಲಿಲ್ಲ. ಕೆಲಸದ ನಡುವೆ ಗಮನ ಅತ್ತಿತ್ತ ಹೋದದ್ದನ್ನು ಎತ್ತಿ ತೋರಿಸಿತು. ಇಂಥ ತಪ್ಪು ಯಾರಿಂದಲೂ ಆಗುತ್ತದೆ. ಮೈಮನ ಹಗುರ ಇದ್ದವರಿಗೆ ಅದನ್ನು ಹಿಡಿಯುವ ಅವಕಾಶ ಜಾಸ್ತಿ, ಅಷ್ಟೆ.

"ಇಬ್ಬರು ಪೈಲಟ್ ಇರುತ್ತಾರಲ್ಲ, ಒಬ್ಬರದ್ದು ತಪ್ಪಿದರೆ ಇನ್ನೊಬ್ಬರು ನೋಡುತ್ತಾರೆ" ಅನ್ನುವ ಸಮಾಧಾನವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಇಬ್ಬರದ್ದೂ ಒಂದೇ ಡ್ಯೂಟಿ ಪಟ್ಟಿ. ಒಬ್ಬರು ಮೂರು ಗಂಟೆಗೆ ಎದ್ದಿದ್ದರೆ ಇನ್ನೊಬ್ಬರು ಎದ್ದಿದ್ದೂ ಆಗಲೇ. ಟವರ್‌ನಲ್ಲಿ ಕೂತವರ ಪಾಡೂ ಕೆಲವೊಮ್ಮೆ ಇದೇ. 2006ರ ಆಗಸ್ಟ್ 27ರ ಬೆಳಗ್ಗೆ ಅಮೆರಿಕದ ಲೆಕ್ಸಿಂಗ್ಟನ್‌ನಲ್ಲಿ ಕಾಮ್ಏರ್ ಕಂಪನಿಯ ವಿಮಾನ ಉದ್ದದ ರನ್‌ವೇ ಬಿಟ್ಟು ಗಿಡ್ಡ ರನ್‌ವೇಯಿಂದ ಓಡಿತು. 49 ಜನ ಸತ್ತರು, ಉಳಿದದ್ದು ಒಬ್ಬ ಪೈಲಟ್ ಮಾತ್ರ. ತನಿಖೆ ಮುಖ್ಯವಾಗಿ ಬೊಟ್ಟು ಮಾಡಿದ್ದು ಪೈಲಟ್‌ಗಳ ಕಡೆಗೇ. ಆದರೆ ಟವರ್‌ನಲ್ಲಿ ಒಬ್ಬರೇ ಇದ್ದ ಕಂಟ್ರೋಲರ್ ಆ ಪಾಳಿಗೆ ಬರುವ ಮೊದಲು ಮಲಗಿದ್ದು ಸುಮಾರು ಎರಡು ಗಂಟೆ.

ಹಾಗಾದರೆ ಮಾಡುವುದೇನು? ಕಾಫಿ ಕುಡಿದರೆ ಸ್ವಲ್ಪ ಹೊತ್ತು ನಡೆಯುತ್ತದೆ. ನಾಸಾ ಅಧ್ಯಯನವೊಂದರಲ್ಲಿ ದೂರದ ಹಾರಾಟದ ನಡುವೆ ಸರಾಸರಿ 26 ನಿಮಿಷ ನಿದ್ದೆ ಮಾಡಿದ ಪೈಲಟ್‌ಗಳು ಗಮನಾರ್ಹವಾಗಿ ಚುರುಕಾದರು. ಆದರೆ ನಿದ್ದೆಯಿಂದ ಎದ್ದ ಕೂಡಲೇ ಸ್ವಲ್ಪ ಹೊತ್ತು ತಲೆ ಮಂಕಾಗಿರುತ್ತದೆ. ಹಾಗಾಗಿ ಟೇಕಾಫ್‌ಗೆ ಮುಂಚಿನ ಗಡಿಬಿಡಿಯಲ್ಲಿ ಕಣ್ಣು ಮುಚ್ಚುವುದು ದಾರಿಯಲ್ಲ.

ರನ್‌ವೇ ಬದಲಾದಾಗ ಬ್ರೇಕ್ ಹಾಕಿ ನಿಲ್ಲುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಟವರ್‌ಗೆ "ಎರಡು ನಿಮಿಷ ಬೇಕು" ಅಂತ ಹೇಳಬೇಕು. ನಂತರ ಒಬ್ಬರು ನಕ್ಷೆಯಿಂದ ಒಂದೊಂದೇ ಬಿಂದು ಓದಬೇಕು, ಇನ್ನೊಬ್ಬರು ಕಂಪ್ಯೂಟರ್ ಪರದೆಯಲ್ಲಿ ಅದನ್ನು ಹುಡುಕಿ ಹೇಳಬೇಕು. ಇಬ್ಬರೂ ಒಂದೇ ಪರದೆ ನೋಡಿ ತಲೆಯಾಡಿಸಿದರೆ ಅದು ಪರೀಕ್ಷೆಯೇ ಅಲ್ಲ. ಹಿಂದೆ ಇನ್ನೂ ನಾಲ್ಕು ವಿಮಾನ ಸಾಲು ನಿಂತಿರುವಾಗ ಹೀಗೆ ನಿಲ್ಲಲು ಸ್ವಲ್ಪ ಮೊಂಡುತನ ಬೇಕು. ಮೊಂಡು ಪೈಲಟ್‌ಗಳ ವಿಮಾನದಲ್ಲಿ ಹೋಗಲು ನನಗಂತೂ ಖುಷಿಯೇ.

ಇದರ ಆಚೆಗಿನದ್ದು ಕಾನೂನಿನ ಕೆಲಸ. ಅಮೆರಿಕದಲ್ಲಿ 2014ರ ಜನವರಿಯಿಂದ ಹೊಸ ನಿಯಮ ಬಂತು. ಬೆಳಗ್ಗೆ ಏಳರಿಂದ ಮಧ್ಯಾಹ್ನ ಹನ್ನೆರಡರೊಳಗೆ ಡ್ಯೂಟಿ ಶುರು ಮಾಡಿ, ಒಂದೋ ಎರಡೋ ಹಾರಾಟ ಮಾಡುವ ಪೈಲಟ್‌ಗೆ 14 ಗಂಟೆ ತನಕ ಮಿತಿ. ಮಧ್ಯರಾತ್ರಿಯಿಂದ ಬೆಳಗಿನ ಜಾವ ನಾಲ್ಕರೊಳಗೆ ಶುರು ಮಾಡಿದರೆ 9 ಗಂಟೆ ಮಾತ್ರ. ಡ್ಯೂಟಿಗೆ ಮುಂಚೆ 10 ಗಂಟೆ ಬಿಡುವು, ಅದರಲ್ಲಿ 8 ಗಂಟೆ ನಿದ್ದೆಗೆ ಅವಕಾಶ. ಗಂಟೆಯ ಮೊತ್ತದ ಜೊತೆಗೆ ದಿನದ ಹೊತ್ತನ್ನೂ ಲೆಕ್ಕಕ್ಕೆ ತಂದದ್ದು ಒಳ್ಳೆಯ ಕೆಲಸ. ಪ್ರತಿ ಹಾರಾಟಕ್ಕೂ ಮುಂಚೆ "ನಾನು ಕೆಲಸಕ್ಕೆ ಸಮರ್ಥನಿದ್ದೇನೆ" ಅಂತ ಪೈಲಟ್ ದೃಢಪಡಿಸಬೇಕು. ಇಲ್ಲಿ ಮಾತ್ರ ನನಗೆ ತಕರಾರಿದೆ. ದಣಿದವರಿಗೆ ತಾವು ಎಷ್ಟು ದಣಿದಿದ್ದೇವೆ ಅನ್ನುವುದೇ ಸರಿಯಾಗಿ ಗೊತ್ತಾಗುವುದಿಲ್ಲ. ಗೊತ್ತಾದರೂ, ಇಲ್ಲ ಅಂದರೆ ಸಂಬಳಕ್ಕೋ ಬಡ್ತಿಗೋ ಪೆಟ್ಟು ಬೀಳುತ್ತದೆ ಅನ್ನುವ ಭಯ ಇದ್ದರೆ ಕೈ ತಾನಾಗಿ ಸಹಿ ಹಾಕುತ್ತದೆ.

ಇನ್ನೊಂದು ಮಾತು. ಆ ನಿಯಮ ಸರಕು ವಿಮಾನಗಳ ಪೈಲಟ್‌ಗಳಿಗೆ ಕಡ್ಡಾಯವಲ್ಲ. ಬರುವ ಲಾಭಕ್ಕಿಂತ ಖರ್ಚು ಜಾಸ್ತಿ ಅಂತ ಲೆಕ್ಕ ಹಾಕಿ ಅವರನ್ನು ಹೊರಗಿಟ್ಟರು. ರಾತ್ರಿ ಹೆಚ್ಚು ಹಾರುವವರು ಅವರೇ. ಹ್ಯಾಲಿಫ್ಯಾಕ್ಸ್‌ನಲ್ಲಿ ಸತ್ತ ಏಳು ಜನ ಇದ್ದದ್ದೂ ಸರಕು ವಿಮಾನದಲ್ಲೇ.

ನಮಸ್ಕಾರ.